ಹಳೆ ಗ್ರೀಸ್ ಹೊರಗೆ ಬರುವ ತನಕ

ಆಯುಧ ಪೂಜೆ ಹತ್ತಿರ ಬಂದರೆ ಸಾಕು, ಮಲೆನಾಡಿನ ವಾಟರ್ ಸರ್ವಿಸ್ ಅಂಗಡಿಗಳ ಮುಂದೆ ಜೀಪುಗಳ ಸಾಲು. ಮಳೆಗಾಲದ ಕೆಸರು ತೊಳೆಸುತ್ತಾರೆ, ಟೈರಿಗೆ ಪಾಲಿಶ್ ಹೊಡೆಸುತ್ತಾರೆ, ಬಾನೆಟ್ಟಿಗೆ ಚೆಂಡು ಹೂವಿನ ಹಾರ ಬೀಳುತ್ತದೆ. ಅಡಿಯಲ್ಲಿ ಗ್ರೀಸ್ ಹೊಡೆಸಿದಿರಾ ಅಂದರೆ ಮಾತ್ರ "ಆಮೇಲೆ ನೋಡೋಣ ಬಿಡಿ" ಅನ್ನುತ್ತಾರೆ. ಅಸಲಿಗೆ ಜೋರು ಪ್ರೆಶರಿನಲ್ಲಿ ನೀರು ಹೊಡೆಸಿದ ದಿನವೇ ಗ್ರೀಸ್ ಹೊಡೆಯಬೇಕು. ಜಾಯಿಂಟಿನ ಒಳಗೆ ನುಗ್ಗಿದ ನೀರನ್ನು ಹೊರಗೆ ತಳ್ಳುವುದು ಹೊಸ ಗ್ರೀಸೇ.

ಇದು ಗ್ರೀಸ್ ನಿಪ್ಪಲ್ (ಗ್ರೀಸ್ ಗನ್ನಿನ ಬಾಯಿ ಕೂರಿಸುವ ಚಿಕ್ಕ ಮೂತಿ) ಇರುವ ಗಾಡಿಗಳ ಮಾತು. ಎಸ್ಟೇಟಿನ ಹಳೆ ಮಹೀಂದ್ರಾ ಜೀಪು, ಟ್ರ್ಯಾಕ್ಟರ್, ಹಳೆ ಕಾಲದ ಲಾರಿ ಇಂಥವು. ಈಗಿನ ಸಣ್ಣ ಕಾರುಗಳ ಬಾಲ್ ಜಾಯಿಂಟಿಗೆ ಫ್ಯಾಕ್ಟರಿಯಲ್ಲೇ ಗ್ರೀಸ್ ತುಂಬಿ ಸೀಲ್ ಮಾಡಿರುತ್ತಾರೆ, ನಿಪ್ಪಲ್ಲೇ ಇರುವುದಿಲ್ಲ. ಕೆಲವರು ಸಿರಿಂಜ್ ಸೂಜಿಯಿಂದ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಚುಚ್ಚಿ ಗ್ರೀಸ್ ಏರಿಸುತ್ತಾರೆ. ಬೇಡ. ಮುಂದೆ ಅದೇ ತೂತಿನಿಂದ ನೀರು ಇಳಿಯುತ್ತದೆ.

ಜೀಪಿನ ಮುಂಭಾಗದಲ್ಲಿ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಎರಡು ತುದಿ, ಸ್ಟೀರಿಂಗಿನ ಎಳೆತ ಮುಟ್ಟಿಸುವ ಡ್ರ್ಯಾಗ್ ಲಿಂಕ್, ಲೀಫ್ ಸ್ಪ್ರಿಂಗಿನ ತುದಿಯ ಕೊಂಡಿಯಾದ ಶ್ಯಾಕಲ್, ಹಳೆ ಮಾಡೆಲ್ ಆದರೆ ಆ ಎಳೆತದ ದಿಕ್ಕು ಬದಲಿಸುವ ಬೆಲ್ ಕ್ರ್ಯಾಂಕ್, ಟೂ ವೀಲ್ ಡ್ರೈವ್ ಆದರೆ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್, ಇಷ್ಟು ಕಡೆ ನಿಪ್ಪಲ್ ಹುಡುಕಿ. ಒಂದೆರಡು ಖಂಡಿತ ಕೆಸರಿನ ಕೆಳಗೆ ಅಡಗಿರುತ್ತವೆ. ಮ್ಯಾನ್ಯುಯಲ್ಲಿನ ಚಿತ್ರ ನೋಡಿ ಎಣಿಸಿಕೊಂಡೇ ಕೆಳಗೆ ಇಳಿಯಿರಿ. ಅಲ್ಲಿವರೆಗೆ ಹೋದ ಮೇಲೆ ಆ್ಯಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟಿನ ಯುಜೆ (ಯೂನಿವರ್ಸಲ್ ಜಾಯಿಂಟ್) ಕ್ರಾಸನ್ನೂ ಬಿಡಬೇಡಿ.

ಅಂಗಡಿಯಲ್ಲಿ ಗ್ರೀಸ್ ಕೊಡಿ ಅಂದರೆ ಸಾಮಾನ್ಯವಾಗಿ ಎಪಿ-3 ಡಬ್ಬ ಕೊಡುತ್ತಾರೆ. ಲಿಥಿಯಂ ಗ್ರೀಸ್ ಅದು. 2, 3 ಅನ್ನುವ ನಂಬರ್ ಗ್ರೀಸಿನ ಗಟ್ಟಿತನ ಹೇಳುತ್ತದೆ. 3 ಗಟ್ಟಿ, 2 ಸ್ವಲ್ಪ ಮೆತ್ತಗೆ. ಮ್ಯಾನ್ಯುಯಲ್ ಬೇರೆ ಹೇಳದಿದ್ದರೆ ಸ್ಟೀರಿಂಗ್ ಜಾಯಿಂಟುಗಳಿಗೆ ನನ್ನ ಆಯ್ಕೆ 2. ಚಳಿಯ ಬೆಳಗ್ಗೆಯೂ ಸಲೀಸಾಗಿ ಒಳಗೆ ಹೋಗುತ್ತದೆ. ಬಣ್ಣ ನೋಡಿ ಗ್ರೀಸ್ ತರಬೇಡಿ. ಕೆಂಪು, ನೀಲಿ ಎಲ್ಲ ಕಂಪನಿ ಬೆರೆಸುವ ಬಣ್ಣ ಅಷ್ಟೆ, ಒಳಗಿನ ಮಾಲು ಬೇರೆಬೇರೆ ಇರಬಹುದು. ಲಿಥಿಯಂ ಇದ್ದ ಕಡೆ ಜೇಡಿಯ ಆಧಾರದ ಬೆಂಟೋನೈಟ್ ಗ್ರೀಸ್ ಸೇರಿದರೆ ಎರಡೂ ಹೊಂದದೆ, ನೀರಾಗಿ ಸೋರಿ ಹೋಗಬಹುದು.

ಗಾಡಿ ಎತ್ತುವ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟಮಾರಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿ ಬಿಡಿ. ಬರೀ ಜಾಕ್ ನಂಬಿ ಯಾರೂ ಅಡಿಗೆ ಹೋಗಬಾರದು, ಸ್ಟ್ಯಾಂಡ್ ಬೇಕೇ ಬೇಕು. ಜಂಬಿಟ್ಟಿಗೆ, ಹಾಲೋಬ್ಲಾಕ್ ಜೋಡಿಸಿ ನಿಲ್ಲಿಸುವವರಿದ್ದಾರೆ. ಅವು ಸೂಚನೆ ಕೊಡದೆ ಒಡೆಯುತ್ತವೆ. ಸ್ಟ್ಯಾಂಡನ್ನು ಚಾಸಿಸ್ ಕೆಳಗೆ ಕೊಟ್ಟರೆ ಆ್ಯಕ್ಸಲ್ ಜೋತು ಬಿದ್ದು ಶ್ಯಾಕಲ್ ಮೇಲಿನ ಭಾರ ಇಳಿಯುತ್ತದೆ, ಚಕ್ರಗಳೂ ನೆಲ ಬಿಡುತ್ತವೆ. ಇದು ಸುಮ್ನೆ ಅನುಕೂಲಕ್ಕಲ್ಲ. ಭಾರ ಬಿದ್ದಿರುವಾಗ ಪಿನ್ನೂ ಅದರ ಸುತ್ತಲಿನ ಬುಷ್ಷೂ ಒಂದು ಕಡೆ ಒತ್ತಿಕೊಂಡಿರುತ್ತವೆ. ಜಾಸ್ತಿ ಸವೆಯುವುದು ಆ ಕಡೆಯೇ, ಗ್ರೀಸ್ ಹೋಗದಿರುವುದೂ ಅಲ್ಲಿಗೇ.

ಈಗ ನಿಪ್ಪಲ್. ಮೊದಲು ಬಟ್ಟೆಯಿಂದ ಚೆನ್ನಾಗಿ ಒರೆಸಿ. ತುದಿಯಲ್ಲಿ ಚಿಕ್ಕ ಗುಂಡು ಕಾಣಬೇಕು, ಹಿಂದೆ ಸ್ಪ್ರಿಂಗ್ ಇರುತ್ತದೆ. ಒರೆಸದೆ ಗನ್ ಹಚ್ಚಿದರೆ ಮೊದಲು ಒಳಗೆ ಹೋಗುವುದು ಮಣ್ಣೇ. ಗನ್ನಿನ ಬಾಯಿ ನೇರವಾಗಿ ಕೂತರೆ ಟಕ್ ಅನ್ನುತ್ತದೆ. ನಿಧಾನವಾಗಿ ಒತ್ತಿ. ಇಬ್ಬರಿದ್ದರೆ ಒಬ್ಬರು ಮೇಲೆ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಲಿ, ಗ್ರೀಸ್ ಸುತ್ತ ಹರಡುತ್ತದೆ. ಕಿಂಗ್ ಪಿನ್ನಿಗೂ ಶ್ಯಾಕಲಿಗೂ ಹಳೆ ಗ್ರೀಸೆಲ್ಲ ಹೊರಬಂದು ಹೊಸದರ ಬಣ್ಣ ಕಾಣುವ ತನಕ ಹೊಡೆಯಿರಿ. ರಬ್ಬರ್ ಬೂಟ್ ಇರುವ ಟೈ ರಾಡ್ ತುದಿಗೆ ಹಾಗಲ್ಲ. ಬೂಟ್ ಸ್ವಲ್ಪ ಉಬ್ಬಿದ ಕೂಡಲೇ ನಿಲ್ಲಿಸಿ. ಇನ್ನೊಂದೆರಡು ಸಲ ಒತ್ತಿದರೆ ಬೂಟ್ ಹರಿಯುತ್ತದೆ.

ಹೊರಬಂದ ಗ್ರೀಸನ್ನು ಒರೆಸಿ ಬಿಸಾಡುವ ಮುಂಚೆ ಬೆರಳಲ್ಲಿ ತಿಕ್ಕಿ ನೋಡಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಹಾಲು ಜಾಸ್ತಿಯಾದ ಕಾಫಿಯ ಬಣ್ಣ ಇದ್ದರೆ ಒಳಗೆ ನೀರು ಸೇರಿದೆ. ಹಳ್ಳ ದಾಟುವ ಗಾಡಿಗಳಲ್ಲಿ ಇದು ಮಾಮೂಲು, ಮುಂದಿನ ಸಲ ಬೇಗ ಹೊಡೆಯಿರಿ. ಕಪ್ಪಾಗಿ, ಬೆರಳಿಗೆ ಮರಳಿನ ಹಾಗೆ ತಾಗಿದರೆ ಧೂಳು, ಸೀಲೋ ಬೂಟೋ ಹೋಗಿರಬೇಕು. ತುಕ್ಕಿನ ಕೆಂಪು ಪುಡಿ ಬಂದರೆ ಪಿನ್ ಬಹಳ ದಿನ ಒಣಗಿಯೇ ಓಡಿದೆ ಅಂತ ಅರ್ಥ. ಮಿನುಗುವ ಲೋಹದ ಚೂರು ಕಂಡರೆ ಸುಮ್ಮನಿರಬೇಡಿ, ಜಾಯಿಂಟ್ ಬಿಚ್ಚಿ ನೋಡಬೇಕು.

ಎಷ್ಟು ಒತ್ತಿದರೂ ಗ್ರೀಸ್ ಒಳಗೆ ಹೋಗದೆ ಗನ್ನಿನ ಬಾಯಿಯ ಸುತ್ತ ಬರುತ್ತದಾ? ಗುಂಡು ಕಚ್ಚಿಕೊಂಡಿರಬಹುದು, ತೆಳ್ಳಗಿನ ತಂತಿಯಿಂದ ಮೆಲ್ಲಗೆ ಒತ್ತಿ ನೋಡಿ. ಆಗದಿದ್ದರೆ ನಿಪ್ಪಲ್ ಬಿಚ್ಚಿ. ಬಿಚ್ಚಿದ ನಿಪ್ಪಲಿಗೆ ಗನ್ ಹಚ್ಚಿ ಒತ್ತಿದಾಗ ಗ್ರೀಸ್ ಬಂದರೆ ತೊಂದರೆ ನಿಪ್ಪಲಿನದಲ್ಲ, ಒಳಗಿನ ದಾರಿಯಲ್ಲಿ ಹಳೆ ಗ್ರೀಸ್ ಕಲ್ಲಾಗಿದೆ. ತೂತಿಗೆ ಸ್ವಲ್ಪ ಡೀಸೆಲ್ ಬಿಟ್ಟು ರಾತ್ರಿ ನೆನೆಯಲು ಬಿಡಿ, ಬೆಳಗ್ಗೆ ಸ್ಟೀರಿಂಗ್ ತಿರುಗಿಸುತ್ತಾ ಮತ್ತೆ ಹೊಡೆಯಿರಿ. ನಿಪ್ಪಲ್ಲೇ ಕೆಟ್ಟಿದ್ದರೆ ಹೊಸದು ಹಾಕಿ, ತುಂಬಾ ಅಗ್ಗ. ಹಳೆಯದನ್ನು ತೆಗೆದುಕೊಂಡು ಹೋಗಿ ಥ್ರೆಡ್ ಹೋಲಿಸಿಯೇ ತನ್ನಿ. ಹೊಸದಾಗಿ ತುಂಬಿದ ಗನ್ ಪಂಪ್ ಮಾಡುತ್ತಿಲ್ಲ ಅಂದರೆ ಒಳಗೆ ಗಾಳಿ ಕೂತಿರುತ್ತದೆ. ತಲೆಯನ್ನು ಒಂದು ಸುತ್ತು ಸಡಿಲಿಸಿ ನಾಲ್ಕಾರು ಸಲ ಒತ್ತಿ, ಗಾಳಿ ಹೋದ ಮೇಲೆ ಬಿಗಿ ಮಾಡಿ. ಗನ್ನಿನ ಬಾಯಿಗೆ ಬೆರಳು ಅಡ್ಡ ಹಿಡಿಯಬೇಡಿ, ಸೀಳಿದ ಹೋಸ್ ಬಳಸಬೇಡಿ. ಕೈಗನ್ನಿನಲ್ಲೂ ಸಾವಿರಾರು ಪಿಎಸ್‌ಐ ಒತ್ತಡ ಬರುತ್ತದೆ. ಚರ್ಮದೊಳಗೆ ಗ್ರೀಸ್ ನುಗ್ಗಿದರೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಮೊದಲಿಗೆ ನೋವೂ ಇರುವುದಿಲ್ಲ. ಆದರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು. ತಡವಾದರೆ ಬೆರಳು ಕಳೆದುಕೊಳ್ಳಬೇಕಾಗಬಹುದು.

ರಬ್ಬರ್ ಬುಷ್ ಕಿರ್ ಅಂತಿದೆ ಎಂದು ಅದಕ್ಕೂ ಗ್ರೀಸ್ ಮೆತ್ತಬೇಡಿ. ಮಾಮೂಲಿ ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಗಾಡಿ ಎತ್ತಿದ್ದಾಗಲೇ ಚಕ್ರ ಅಲ್ಲಾಡಿಸಿ ನೋಡಿ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಪ್ಲೇ (ಸಡಿಲ) ಸಿಕ್ಕರೆ ಕಿಂಗ್ ಪಿನ್ನೋ ವೀಲ್ ಬೇರಿಂಗೋ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಪ್ಲೇ ಹೋದರೆ ಬೇರಿಂಗ್, ಹಾಗೇ ಇದ್ದರೆ ಕಿಂಗ್ ಪಿನ್. ಎಡಬಲಕ್ಕೆ ಮಾತ್ರ ಅಲ್ಲಾಡಿದರೆ ಟೈ ರಾಡ್ ತುದಿಗಳ ಮೇಲೆ ಕೈ ಇಟ್ಟು ನೋಡಿ, ಸವೆದದ್ದು ಕೈಗೇ ಗೊತ್ತಾಗುತ್ತದೆ. ಸವೆದ ಜಾಯಿಂಟಿಗೆ ಗ್ರೀಸ್ ಹೊಡೆದರೆ ನಾಲ್ಕು ದಿನ ಸದ್ದು ಅಡಗಬಹುದು, ಪ್ಲೇ ಹೋಗುವುದಿಲ್ಲ. ಬದಲಿಸಲೇಬೇಕು. ಹಳೆ ತುದಿ ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದ ಮೇಲೆ ಹೊರಬಂತು ಎಣಿಸಿಟ್ಟುಕೊಂಡು ಹೊಸದನ್ನು ಅಷ್ಟೇ ಸುತ್ತು ಹಾಕಿ. ಅಲೈನ್‌ಮೆಂಟ್ ಅಂಗಡಿ ತನಕ ಗಾಡಿ ನಿಧಾನವಾಗಿ ಓಡಿಸಿಕೊಂಡು ಹೋಗಲು ಅಷ್ಟು ಸಾಕು.