ಪಕ್ಕದ ಮನೆ ಗೇಟಿನ ಬಣ್ಣ ನಮ್ಮ ಕಾರಿನ ಮೇಲೆ: ಥಿನ್ನರ್ ಹಾಕಬಹುದಾ?

ಪ್ರಶ್ನೆ: ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ. ಕಾರು ರಸ್ತೆ ಬದಿಯಲ್ಲೇ ನಿಲ್ಲುತ್ತದೆ. ಯುಗಾದಿಗೆ ಮುಂಚೆ ಪಕ್ಕದ ಮನೆಯವರು ಗೇಟಿಗೆ ಕಂಪ್ರೆಸರ್ ಇಟ್ಟು ಕಪ್ಪು ಬಣ್ಣ ಹೊಡೆಸಿದರು. ಈಗ ನಮ್ಮ ಬಿಳಿ ಕಾರಿನ ಬಾನೆಟ್ ಮೇಲೆ, ಒಂದು ಕಡೆಯ ಬಾಗಿಲುಗಳ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ತೊಳೆದರೆ ಹೋಗುತ್ತಿಲ್ಲ. ಪೇಂಟರ್ ಥಿನ್ನರ್ ಹಾಕಿ ಒರೆಸಿ ಅಂದರು. ಹಾಕಬಹುದಾ?

ಉತ್ತರ: ಬೇಡ. ಥಿನ್ನರ್ ಬಾಟಲಿ ಮುಚ್ಚಿ ಒಳಗಿಡಿ.

ಪೇಂಟರ್ ಸುಳ್ಳು ಹೇಳಿಲ್ಲ. ಥಿನ್ನರ್ ಬಣ್ಣವನ್ನು ಕರಗಿಸುತ್ತದೆ, ನಿಜ. ಆದರೆ ಇದು ಗೇಟಿನ ಬಣ್ಣ, ಅದು ಕಾರಿನ ಬಣ್ಣ ಅನ್ನುವ ಭೇದ ಅದಕ್ಕೆ ತಿಳಿಯುವುದಿಲ್ಲ. ಕಾರ್ಖಾನೆಯಲ್ಲಿ ಬಣ್ಣ ಹೊಡೆದ ಮೇಲೆ ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ. ಅದು ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು. ಎಲ್ಲೋ ತಾಗಿಸಿಕೊಂಡು, ಟಿಂಕರಿಂಗ್ ಶೆಡ್‌ನಲ್ಲಿ ಮತ್ತೆ ಬಣ್ಣ ಹೊಡೆಸಿದ ಬಾಗಿಲಾದರೆ ತಡೆಯುವುದು ಅನುಮಾನ. ಇನ್ನು ಹೆಡ್‌ಲೈಟ್ ಗಾಜಿನದಲ್ಲ, ಪಾಲಿಕಾರ್ಬೊನೇಟ್. ಥಿನ್ನರ್ ತಗುಲಿದರೆ ಮಂಜು ಕವಿದ ಹಾಗಾಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ನನ್ನ ಹಳೆ ಕಾರಿನ ಒಂದು ದೀಪ ಹೀಗೇ ಹೋಯಿತು. ಎರಡು ನಿಮಿಷದ ಆತುರ, ಹೊಸ ದೀಪದ ಖರ್ಚು.

ಕಾರಿನ ಮೈಮೇಲಿನ ಬಣ್ಣ ಎಷ್ಟು ದಪ್ಪ ಗೊತ್ತಾ? ಪ್ರೈಮರ್‌ನಿಂದ ಹಿಡಿದು ಎಲ್ಲ ಪದರ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮೇಲಿನ ಹೊಳಪಿನ ಪದರ, ಅಂದರೆ ಕ್ಲಿಯರ್ ಕೋಟ್, ಅದರಲ್ಲಿ 40-50 ಮೈಕ್ರಾನ್ ಅಷ್ಟೇ. ತಲೆಗೂದಲಿನಷ್ಟು ದಪ್ಪವೂ ಇಲ್ಲ. ಕೆಲವು ಬಿಳಿ ಕಾರುಗಳಿಗೆ ಈ ಕ್ಲಿಯರ್ ಕೋಟ್ ಇರುವುದೇ ಇಲ್ಲ. ಇಷ್ಟು ತೆಳುವಾದದ್ದನ್ನು ಕಾಪಾಡಿಕೊಂಡು ಕೆಲಸ ಮಾಡಬೇಕು, ಅಲ್ವಾ?

ಸಮಾಧಾನದ ಸಂಗತಿಯೂ ಇದೆ. ನಿಮ್ಮ ಕಾರಿನ ಮೇಲೆ ಬಿದ್ದದ್ದು ಕಾರಿನ ಬಣ್ಣದೊಳಗೆ ಬೆರೆತಿಲ್ಲ. ಮೇಲೆ ಅಂಟಿಕೊಂಡು ಕೂತಿದೆ. ಬೇಗ ಒಣಗುವ ಬಣ್ಣವಾಗಿದ್ದರೆ ಗಾಳಿಯಲ್ಲೇ ಒಣಗಿ ಧೂಳಿನ ಹಾಗೆ ಬೀಳುತ್ತಿತ್ತು, ಬಹಳಷ್ಟು ತೊಳೆದರೇ ಹೋಗುತ್ತಿತ್ತು. ಗೇಟಿಗೆ ಹೆಚ್ಚಾಗಿ ಹೊಡೆಯುವ ಎನಾಮಲ್ ನಿಧಾನಕ್ಕೆ ಒಣಗುವಂಥದ್ದು. ಹಸಿಯಾಗಿಯೇ ಬಂದು ಕೂರುತ್ತದೆ, ಕೂತಲ್ಲೇ ಗಟ್ಟಿಯಾಗುತ್ತದೆ. ದಿನ ಕಳೆದಷ್ಟೂ ಗಟ್ಟಿ. ಹಾಗಾಗಿ ಈ ಭಾನುವಾರವೇ ಕೆಲಸ ಮುಗಿಸಿ. ಪೇಂಟರ್ ಸಿಕ್ಕರೆ ಯಾವ ಬಣ್ಣ ಅಂತ ಒಂದು ಮಾತು ಕೇಳಿ. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣವಾದರೆ ಅದು ಬಹಳ ಹಠಮಾರಿ.

ಕರಗಿಸುವುದಲ್ಲ, ಕಿತ್ತು ತೆಗೆಯುವುದು ಸರಿಯಾದ ದಾರಿ. ಅದಕ್ಕಿರುವ ಸಾಮಾನು ಕ್ಲೇ ಬಾರ್. ಹೆಸರಿಗೆ ಜೇಡಿಮಣ್ಣು. ನಿಜದಲ್ಲಿ ಮೆತ್ತನೆಯ ರಾಳದಂಥ ವಸ್ತುವಿನಲ್ಲಿ ಬಹಳ ನುಣುಪಾದ ಪುಡಿ ಸೇರಿಸಿ ಮಾಡಿರುತ್ತಾರೆ. ಕಾರ್ ಆಕ್ಸೆಸರೀಸ್ ಅಂಗಡಿಗಳಲ್ಲಿ ಕೇಳಿ, ಆನ್‌ಲೈನ್‌ನಲ್ಲಂತೂ ಸಿಗುತ್ತದೆ. ಮೊದಲ ಸಲಕ್ಕೆ 'ಫೈನ್' ಅಂತ ಬರೆದಿರುವುದನ್ನೇ ತನ್ನಿ.

ಬೆಳಗ್ಗೆ ಬೇಗ, ನೆರಳಿನಲ್ಲಿ ಶುರು ಮಾಡಿ. ಯುಗಾದಿ ಕಳೆದ ಮೇಲೆ ನಮ್ಮ ಕಡೆ ಒಂಬತ್ತು ಗಂಟೆಗೆಲ್ಲ ಬಾನೆಟ್ ಮುಟ್ಟೋಕಾಗಲ್ಲ. ಬಿಸಿ ತಗಡಿನ ಮೇಲೆ ಸೋಪಿನ ನೀರು ನಿಲ್ಲದೆ ಒಣಗಿಬಿಡುತ್ತದೆ. ಮೊದಲು ಕಾರನ್ನು ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ. ಒಂದು ಕಣ ಮರಳೂ ಉಳಿಯಬಾರದು. ಆಮೇಲೆ ನಿಂಬೆಹಣ್ಣಿನ ಅರ್ಧದಷ್ಟು ಕ್ಲೇ ಕಿತ್ತು, ಚಪಾತಿ ಹಿಟ್ಟಿನ ಹಾಗೆ ನಾದಿ, ಅಂಗೈಗೆ ಸರಿಯಾಗಿ ತಟ್ಟಿಕೊಳ್ಳಿ. ಸ್ಪ್ರೇ ಬಾಟಲಿಯಲ್ಲಿ ನೀರಿಗೆ ಸ್ವಲ್ಪ ಕಾರ್ ಶಾಂಪೂ ಬೆರೆಸಿ, ಎರಡು ಗೇಣಿನಷ್ಟು ಜಾಗಕ್ಕೆ ಧಾರಾಳವಾಗಿ ಹೊಡೆಯಿರಿ. ಕ್ಲೇಯನ್ನು ನೇರವಾಗಿ ಹಿಂದೆ ಮುಂದೆ ಜಾರಿಸಿ. ಸುತ್ತ ತಿರುಗಿಸಬೇಡಿ, ಒತ್ತಬೇಡಿ. ಮೊದಲು ಕೈಗೆ ಗರಗರ ಅನ್ನಿಸುತ್ತದೆ, ಸದ್ದೂ ಕೇಳುತ್ತದೆ. ನಿಧಾನಕ್ಕೆ ಆ ಗರಗರ ಸವೆದು ಕ್ಲೇ ಸುಮ್ನೆ ಜಾರತೊಡಗುತ್ತದೆ. ಆಗ ಆ ಜಾಗ ಮುಗಿಯಿತು. ತಿರುಗಿಸಿ ನೋಡಿದರೆ ಕ್ಲೇ ಮೇಲೆ ಕಪ್ಪು ಚುಕ್ಕೆಗಳು ಬಂದಿರುತ್ತವೆ. ಅದನ್ನು ಒಳಕ್ಕೆ ಮಡಚಿ ಮತ್ತೆ ನಾದಿ, ಹೊಸ ಮೈ ಹೊರಗೆ ತನ್ನಿ.

ಕ್ಲೇ ನೆಲಕ್ಕೆ ಬಿದ್ದರೆ ಮಾತ್ರ ಎತ್ತಿ ಕಸಕ್ಕೆ ಹಾಕಿ. ತೊಳೆದು ಬಳಸೋಣ ಅನ್ನಬೇಡಿ. ಅಂಟಿಕೊಂಡ ಮರಳು ಹೋಗುವುದಿಲ್ಲ, ಕಾರಿನ ತುಂಬಾ ಗೀರು ಬೀಳುತ್ತದೆ.

ಪೂರ್ತಿ ಹೋಯಿತಾ ಅಂತ ನೋಡಲು ಒಂದು ತೆಳು ಪ್ಲಾಸ್ಟಿಕ್ ಕವರ್‌ನೊಳಗೆ ಕೈ ಹಾಕಿ, ಬೆರಳ ತುದಿಯಿಂದ ಮೆಲ್ಲಗೆ ಸವರಿ. ಬರಿಗೈಗೆ ನುಣುಪು ಅನ್ನಿಸಿದ್ದು ಕವರ್‌ನೊಳಗಿನ ಬೆರಳಿಗೆ ಒರಟಾಗಿ ತಿಳಿಯುತ್ತದೆ.

ಅಲ್ಲೊಂದು ಇಲ್ಲೊಂದು ದಪ್ಪ ಹನಿ ಉಳಿದರೆ ಟಾರ್ ತೆಗೆಯುವ ದ್ರಾವಣವನ್ನು ಬಟ್ಟೆಗೆ ಹಾಕಿ ಅಷ್ಟಕ್ಕೇ ಒತ್ತಿ ಹಿಡಿದು, ಒರೆಸಿ ತಕ್ಷಣ ತೊಳೆಯಿರಿ. ಮೊದಲು ಬಾಗಿಲು ತೆರೆದರೆ ಮಾತ್ರ ಕಾಣುವ ಮೂಲೆಯಲ್ಲಿ ಪರೀಕ್ಷಿಸಿ. ಬಟ್ಟೆಗೆ ಕಾರಿನದೇ ಬಿಳಿ ಬಣ್ಣ ಹತ್ತಿದರೆ ಅಲ್ಲಿಗೆ ನಿಲ್ಲಿಸಿ. ಅದಕ್ಕೂ ಜಗ್ಗದಿದ್ದರೆ, ಅಥವಾ ಅದು ಪಿಯು ಬಣ್ಣವೇ ಆಗಿದ್ದರೆ, ರಬ್ಬಿಂಗ್ ಕಾಂಪೌಂಡ್ ಅನ್ನುವ ಉಜ್ಜುವ ಪೇಸ್ಟ್ ಹಾಕಿ ಮಷಿನ್ ಪಾಲಿಶ್ ಮಾಡಬೇಕಾಗುತ್ತದೆ. ಅದನ್ನು ಕೈ ಪಳಗಿದವರಿಗೇ ಬಿಡಿ. ಅಂಚುಗಳಲ್ಲಿ ಬಣ್ಣ ಬೇಗ ಸವೆದುಹೋಗುತ್ತದೆ.

ಗಾಜಿನ ಮೇಲಿನದು ಸುಲಭ. ಸೋಪಿನ ನೀರು ಹಾಕಿ ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆದರೆ ಬಂದುಬಿಡುತ್ತದೆ.

ಕೊನೆಯ ತೊಳೆತಕ್ಕೆ ಬೋರ್ ನೀರು ಬೇಡ, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ನಲ್ಲಿಯಲ್ಲಿ ಬರುವ ಹೊಳೆ ನೀರು ಎರಡು ಬಕೆಟ್ ಹಿಡಿದಿಟ್ಟುಕೊಳ್ಳಿ. ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಅದೇ ದಿನ ವ್ಯಾಕ್ಸ್ ಹಚ್ಚಿ. ಕ್ಲೇ ಉಜ್ಜಿದಾಗ ಹಳೆ ವ್ಯಾಕ್ಸ್ ಕೂಡ ಹೋಗಿರುತ್ತದೆ.