ದೂರದ ಗ್ರಹದಲ್ಲಿ ಗೋಬರ್ ಗ್ಯಾಸ್

ಹೊಸ ಗ್ರಹವೊಂದು ಸಿಕ್ಕಿತೆಂಬ ಸುದ್ದಿ ಬಂದರೆ ಸಾಕು, ಜನ ಮೊದಲು ಕೇಳುವುದು ‘ಅಲ್ಲಿ ಆಮ್ಲಜನಕ ಇದೆಯಾ?’ ಎಂದು. ಇಲ್ಲವೆಂದರೆ ಮುಖ ಸಪ್ಪಗಾಗುತ್ತದೆ. ನನಗಂತೂ ಆ ಪ್ರಶ್ನೆ ಕೇಳಿದಾಗಲೆಲ್ಲ ರೇಗುತ್ತದೆ.

ಬೆಂಗಳೂರಿನ ಲಾಲ್‌ಬಾಗ್ ಬಂಡೆ ಹತ್ತಿದ್ದೀರಲ್ಲ? ಕೆಂಪೇಗೌಡರ ಗೋಪುರ ನೋಡಿ ಇಳಿದುಬಿಡುತ್ತೇವೆ, ಕಾಲಡಿಯ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂಬುದು ನೆನಪಾಗುವುದಿಲ್ಲ. ಆ ಕಾಲದ ಭೂಮಿಯ ಮೇಲೆ ನಿಂತಿದ್ದರೆ ಕೆಲವೇ ನಿಮಿಷಗಳಲ್ಲಿ ನಮ್ಮ ಕಥೆ ಮುಗಿಯುತ್ತಿತ್ತು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಜೀವ ಇತ್ತು! ಆಸ್ಟ್ರೇಲಿಯಾದ ಪಿಲ್ಬಾರಾದಲ್ಲಿ ಸೂಕ್ಷ್ಮಜೀವಿಗಳು ಪದರಗಟ್ಟಿ ಕಲ್ಲಾದ ಗುರುತುಗಳಿಗೆ ಸುಮಾರು 350 ಕೋಟಿ ವರ್ಷ. ಗಾಳಿಗೆ ಆಮ್ಲಜನಕ ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಈ ನಡುವೆ ಯಾರಾದರೂ ದೂರದಿಂದ ದುರ್ಬೀನು ಹಿಡಿದು ನಮ್ಮಲ್ಲಿ ಆಮ್ಲಜನಕ ಹುಡುಕಿದ್ದರೆ ‘ಬರಡು’ ಎಂದು ಷರಾ ಬರೆದು ಮುಂದೆ ಹೋಗುತ್ತಿದ್ದರು.

ಅವರು ಹುಡುಕಬೇಕಾಗಿದ್ದ ವಸ್ತು ನಮ್ಮಜ್ಜಿ ಮನೆಯ ಕೊಟ್ಟಿಗೆ ಹಿಂದೆ ಇತ್ತು. ಅಜ್ಜಿ ಬೆಳಿಗ್ಗೆದ್ದು ಸಗಣಿಗೆ ನೀರು ಸುರಿದು, ಹುಲ್ಲುಕಡ್ಡಿ ಆರಿಸಿ ತೆಗೆದು, ಮೊಣಕೈವರೆಗೆ ಕೈಹಾಕಿ ಕಲಸಿ ಬಗ್ಗಡ ಮಾಡಿ ಗೋಬರ್ ಗ್ಯಾಸ್ ಗುಂಡಿಗೆ ಬಿಡುತ್ತಿದ್ದಳು. ಒಲೆ ಹಚ್ಚಿದರೆ ನೀಲಿ ಉರಿ, ಅದೇ ಮೀಥೇನ್. ಗುಂಡಿಯೊಳಗೆ ಅದನ್ನು ತಯಾರಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕವೇ ವಿಷ. ಅದಕ್ಕೇ ಗುಂಡಿಗೆ ಗಾಳಿಯಾಡಬಾರದು. ಅವುಗಳ ಪೂರ್ವಜರಿಗೆ ಆಗ ಇಡೀ ಭೂಮಿಯೇ ಮುಚ್ಚಳ ಹಾಕಿದ ಗುಂಡಿ.

ಈ ಅನಿಲದ ಚರಿತ್ರೆಯೂ ಸೊಗಸಾಗಿದೆ. 1776ರಲ್ಲಿ ಇಟಲಿಯ ಅಲೆಸಾಂಡ್ರೊ ವೋಲ್ಟಾ ಮಜ್ಜೋರೆ ಸರೋವರದ ಕೆಸರನ್ನು ಕೋಲಿನಿಂದ ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದು ಬೆಂಕಿ ತಾಗಿಸಿ ನೋಡಿದ. ನಮ್ಮಲ್ಲಿ ಜವುಗಿನ ಮೇಲೆ ರಾತ್ರಿ ಬೆಳಕು ಕಂಡರೆ ಕೊಳ್ಳಿದೆವ್ವವೆಂದು ಓಡುತ್ತಿದ್ದೆವು. ಈಗ ಓಡುವುದಿಲ್ಲ, ಟಿವಿ ಹಾಕಿ ‘ಏಲಿಯನ್ ಸಿಕ್ಕಿತು’ ಎಂದು ಕೂಗುತ್ತೇವೆ. ಮೀಥೇನ್ ಒಂದೇ ಕಂಡಿತೆಂದು ಜೀವವಿದೆ ಎನ್ನುವುದೂ ಕೊಳ್ಳಿದೆವ್ವದ ಮಾತೇ. ಶನಿಯ ಚಂದ್ರ ಟೈಟನ್‌ನಲ್ಲಿ ಮೀಥೇನಿನ ಮಳೆಯೇ ಸುರಿಯುತ್ತದೆ, ಜೀವದ ಪತ್ತೆ ಮಾತ್ರ ಇಲ್ಲ. ಕೆಲವು ಬಗೆಯ ಕಲ್ಲು ಬಿಸಿನೀರಿನೊಡನೆ ಸೇರಿದರೂ ಒಂದಿಷ್ಟು ಮೀಥೇನ್ ಹುಟ್ಟುತ್ತದೆ.

ನೋಡಬೇಕಾದ್ದು ಜೊತೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು. ತಾಳೆಯಾಗದ ಅನಿಲಗಳು ಒಟ್ಟಿಗಿದ್ದರೆ ಅನುಮಾನಿಸಿ ಎಂದು ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಲವ್‌ಲಾಕ್ 1965ರಲ್ಲೇ ಹೇಳಿದ್ದ. 2018ರಲ್ಲಿ ಜೋಶುವಾ ಕ್ರಿಸಾನ್ಸನ್-ಟಾಟನ್ ಮತ್ತು ಸಂಗಡಿಗರು ಅದನ್ನು ಎಳೆಯ ಭೂಮಿಗೆ ಹೊಂದಿಸಿದರು: ಮೀಥೇನ್ ಧಾರಾಳವಾಗಿರಬೇಕು, ಇಂಗಾಲದ ಡೈಆಕ್ಸೈಡ್ ಇರಬೇಕು, ಇಂಗಾಲದ ಮಾನಾಕ್ಸೈಡ್ ಮಾತ್ರ ಇಲ್ಲದಂತಿರಬೇಕು.

ಇದು ನನಗೆ ಬಲು ಇಷ್ಟದ ಲೆಕ್ಕ. ಬಿಸಿಲಿನ ಅತಿನೇರಳೆ ಕಿರಣ ಮೀಥೇನನ್ನು ಸದಾ ಒಡೆಯುತ್ತಿರುತ್ತದೆ. ತಳ ತೂತಾದ ಕೊಡ ದಿನವಿಡೀ ತುಂಬಿಯೇ ಇದೆಯೆಂದರೆ ಯಾರೋ ನೀರು ಹೊಯ್ಯುತ್ತಿದ್ದಾರೆ ತಾನೆ? ಹೊಯ್ಯುವವರು ಜ್ವಾಲಾಮುಖಿಗಳೇ ಇರಬಹುದಲ್ಲ ಎನ್ನುತ್ತೀರಿ. ಇರಬಹುದು, ಆದರೆ ಅವು ಸಿಕ್ಕಿಬೀಳುತ್ತವೆ. ಇಂಗಾಲದ ಒಂದು ಕೊನೆಯಲ್ಲಿ ಆಮ್ಲಜನಕ ತುಂಬಿಕೊಂಡ ಡೈಆಕ್ಸೈಡ್, ಇನ್ನೊಂದು ಕೊನೆಯಲ್ಲಿ ಜಲಜನಕ ತುಂಬಿಕೊಂಡ ಮೀಥೇನ್, ನಡುವೆ ಮಾನಾಕ್ಸೈಡ್. ಅಷ್ಟೊಂದು ಮೀಥೇನ್ ಉಗುಳುವ ಜ್ವಾಲಾಮುಖಿ ಜೊತೆಗೆ ಮಾನಾಕ್ಸೈಡನ್ನೂ ಉಗುಳಲೇಬೇಕು. ಸೂಕ್ಷ್ಮಜೀವಿಗಳಿಗೋ ಮಾನಾಕ್ಸೈಡ್ ಪುಕ್ಕಟೆ ಊಟ. ಮದುವೆಮನೆಯ ಎಲೆಯಲ್ಲಿ ಉಪ್ಪೂ ಉಪ್ಪಿನಕಾಯಿಯೂ ಹಾಗೇ ಇದ್ದು ನಡುವಿನ ಹೋಳಿಗೆ ಮಾತ್ರ ಮಾಯವಾಗಿದ್ದರೆ, ಅದು ಆವಿಯಾಯಿತೆಂದು ಯಾರಾದರೂ ನಂಬುತ್ತಾರೆಯೇ?

ಜೇಮ್ಸ್ ವೆಬ್ ದೂರದರ್ಶಕಕ್ಕೆ ಈ ಎಲೆ ನೋಡುವ ಕಣ್ಣಿದೆ. ಗ್ರಹ ತನ್ನ ನಕ್ಷತ್ರದ ಮುಂದೆ ಹಾಯುವಾಗ ಬೆಳಕು ಅದರ ವಾತಾವರಣವನ್ನು ಸೋಸಿಕೊಂಡು ಬರುತ್ತದೆ. 3.3 ಮೈಕ್ರಾನ್ ತರಂಗಾಂತರದ ಬಳಿ ಬೆಳಕು ಕುಂದಿದ್ದರೆ ಮೀಥೇನ್, 4.3ರ ಬಳಿ ಡೈಆಕ್ಸೈಡ್, 4.6ರ ಬಳಿ ಮಾನಾಕ್ಸೈಡ್. ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ತಂಡ 2023ರಲ್ಲಿ ಕೆ2-18ಬಿ ಗ್ರಹದಲ್ಲಿ ಮೀಥೇನನ್ನೂ ಡೈಆಕ್ಸೈಡನ್ನೂ ಕಂಡಿತು. ಆದರೆ ಅದು ಭೂಮಿಯ ಎಂಟು ಪಟ್ಟಿಗೂ ಮಿಕ್ಕಿ ತೂಗುವ, ಜಲಜನಕದ ಹೊದಿಕೆಯ ಗ್ರಹ. ನಮ್ಮ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ.

ಭೂಮಿಯ ಗಾತ್ರಕ್ಕೆ ಹತ್ತಿರದ್ದು ಬೇಕೆಂದರೆ ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1ಇ. ತೊಂದರೆಯೆಂದರೆ ಅದರ ನಕ್ಷತ್ರದ ಮೈತುಂಬ ಕಲೆಗಳು. ಸುಳಿವು ಸಿಕ್ಕರೂ ಅದು ಗ್ರಹದ ಗಾಳಿಯದೋ ನಕ್ಷತ್ರದ ಕಲೆಯದೋ ಹೇಳುವುದು ಕಷ್ಟ. ಮತ್ತೆ ಮತ್ತೆ ನೋಡಿ ಕಲೆಯ ಲೆಕ್ಕ ಕಳೆಯಬೇಕು. ಪುಣ್ಯಕ್ಕೆ ಅಲ್ಲಿ ಆರು ದಿನಕ್ಕೊಂದು ವರ್ಷ.