ಮಗು ಯಾರು ಕರೆದರೂ ನಗುತ್ತಾ ಹೋಗುತ್ತದೆ, ಮತ್ತೇಕೆ ನೆಂಟರನ್ನು ತಡೆಯಬೇಕು?

ಪ್ರಶ್ನೆ: ಬೇರೆ ದೇಶದ ಶಿಶುಕೇಂದ್ರದಿಂದ ಎರಡೂವರೆ ವರ್ಷದ ಮಗುವನ್ನು ದತ್ತು ತಂದಿದ್ದೇವೆ. ಸೀಳು ಅಂಗುಳವಿದೆ, ಕಾಲುಗಳಲ್ಲಿ ಬಿಗಿತವಿದೆ. ಆದರೂ ಬಂದ ದಿನದಿಂದಲೇ ಯಾರು ಕೈ ಚಾಚಿದರೂ ನಗುತ್ತಾ ಹೋಗುತ್ತಾನೆ. ಇಷ್ಟು ಚೆನ್ನಾಗಿ ಹೊಂದಿಕೊಂಡಿರುವಾಗ ಅಜ್ಜಿ-ತಾತ ಎತ್ತಿಕೊಳ್ಳುವುದನ್ನು ಕೆಲವು ವಾರ ತಡೆಯಿರಿ ಎನ್ನುವುದು ಏಕೆ?

ಉತ್ತರ: ಮಗುವಿನ ವಯಸ್ಸು, ದೇಶ, ತೊಂದರೆಯ ಹೆಸರು ಬದಲಾಗಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಎಷ್ಟು ಸಲ ಹೇಳಿದರೂ ಮತ್ತೊಮ್ಮೆ ಹೇಳಬೇಕಾಗಿದೆ: ಯಾರು ಕರೆದರೂ ಹೋಗುವುದು ಹೊಂದಿಕೊಂಡ ಲಕ್ಷಣವಲ್ಲ. ಹೊಂದಿಕೊಳ್ಳುವುದು ಇನ್ನೂ ಶುರುವಾಗಿಲ್ಲ ಎಂದೇ ಬಹಳ ಸಲ ಅದರ ಅರ್ಥ.

ಮನೆಯಲ್ಲೇ ಬೆಳೆದ ಎರಡು ವರ್ಷದ ಮಗುವನ್ನು ಅಪರಿಚಿತರು ಎತ್ತಿಕೊಳ್ಳಲು ಬಂದರೆ ಏನು ಮಾಡುತ್ತದೆ? ಅಮ್ಮನ ಕುತ್ತಿಗೆಗೆ ಜೋತುಬೀಳುತ್ತದೆ, ಮುಖ ಮುಚ್ಚಿಕೊಳ್ಳುತ್ತದೆ, ಅಳುತ್ತದೆ. 'ಇವರು ನನ್ನವರು, ಅವರಲ್ಲ' ಎಂಬ ಗೆರೆ ಅದರ ಮನಸ್ಸಿನಲ್ಲಿ ಮೂಡಿರುತ್ತದೆ. ಪಾಳಿಯ ಮೇಲೆ ಆಯಾಗಳು ಬದಲಾಗುವ ಕಡೆ ಬೆಳೆದ ಮಗುವಿಗೆ ಆ ಗೆರೆ ಎಳೆಯುವ ಅವಕಾಶವೇ ಸಿಕ್ಕಿರುವುದಿಲ್ಲ. ಬೆಳಿಗ್ಗೆ ಒಬ್ಬರು, ರಾತ್ರಿ ಇನ್ನೊಬ್ಬರು. ನಕ್ಕ ಮಗುವಿನ ಹತ್ತಿರ ಯಾರಾದರೂ ಒಂದು ನಿಮಿಷ ಹೆಚ್ಚು ನಿಲ್ಲುತ್ತಾರೆ. ಹಾಗಾಗಿ ಎಲ್ಲರಿಗೂ ನಗುವುದನ್ನು ಅದು ಕಲಿತಿರುತ್ತದೆ. ಆ ನಗು ನಿಮ್ಮ ಮೇಲಿನ ಪ್ರೀತಿಯೂ ಅಲ್ಲ, ನಟನೆಯೂ ಅಲ್ಲ. ಬದುಕಲು ಕಲಿತ ದಾರಿ.

ಇದು ಯಾರದೋ ಊಹೆಯಲ್ಲ. ರೊಮೇನಿಯಾದ ಅನಾಥಾಲಯಗಳಿಂದ ಬ್ರಿಟನ್ನಿಗೆ ದತ್ತು ಹೋದ ಮಕ್ಕಳನ್ನು ಬ್ರಿಟನ್ನಿನ ಮಕ್ಕಳ ಮನೋವೈದ್ಯ ಮೈಕಲ್ ರಟರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಗಮನಿಸಿದರು. ಆರು ತಿಂಗಳು ತುಂಬುವ ಮೊದಲೇ ಮನೆ ಸೇರಿದವರು ಬಹುಮಟ್ಟಿಗೆ ಚೇತರಿಸಿಕೊಂಡರು. ತಡವಾಗಿ ಬಂದವರಲ್ಲಿ ಹಲವರಿಗೆ ಗುರುತಿಲ್ಲದವರ ಜೊತೆ ಹಿಂದೆಮುಂದೆ ನೋಡದೆ ಹೊರಟುಬಿಡುವ ಅಭ್ಯಾಸ ವರ್ಷಗಳ ಕಾಲ ಉಳಿಯಿತು. 2000ದಲ್ಲಿ ರೊಮೇನಿಯಾದ ರಾಜಧಾನಿ ಬುಕಾರೆಸ್ಟಿನಲ್ಲಿ ಅನಾಥಾಲಯಗಳ 136 ಮಕ್ಕಳೊಂದಿಗೆ ಶುರುವಾದ ಅಧ್ಯಯನವೂ ಇದನ್ನೇ ಗಮನಿಸಿತು: ಸಾಕುಮನೆಗೆ, ಅಂದರೆ ಮಗುವನ್ನು ತಮ್ಮ ಮನೆಯಲ್ಲಿಟ್ಟು ನೋಡಿಕೊಳ್ಳುವ ಕುಟುಂಬಕ್ಕೆ, ಹೋದ ಮೇಲೆ ಬೇರೆ ಎಷ್ಟೋ ತೊಂದರೆಗಳು ಸುಧಾರಿಸಿದರೂ ಈ ಗುಣ ಅಷ್ಟು ಸುಲಭವಾಗಿ ಬಿಡಲಿಲ್ಲ. 'ಸ್ವಲ್ಪ ದಿನ ಹೋದರೆ ಸರಿಹೋಗುತ್ತದೆ' ಎಂದು ಸುಮ್ಮನಿರಬೇಡಿ ಎನ್ನುವುದು ಇದಕ್ಕೇ.

ಮಾಡಬೇಕಾದದ್ದು ಇಷ್ಟು. ಊಟ ಮಾಡಿಸುವುದು, ಸ್ನಾನ, ಮಲಗಿಸುವುದು, ಬಟ್ಟೆ ಬದಲಿಸುವುದು, ಅತ್ತಾಗ ಸಮಾಧಾನ ಮಾಡುವುದು: ಈ ಐದನ್ನು ಮೊದಲ ಕೆಲವು ತಿಂಗಳು ಅಪ್ಪ-ಅಮ್ಮ ಮಾತ್ರ ಮಾಡಬೇಕು. ಅಜ್ಜಿ ಮನೆಯಲ್ಲಿರಲಿ, ಪಕ್ಕದಲ್ಲಿ ಕೂತು ಆಡಿಸಲಿ, ಅಡುಗೆ-ಬಟ್ಟೆಯ ಹೊರೆ ಇಳಿಸಲಿ. ಮಗು ತೊಡೆ ಏರಲು ಬಂದರೆ ಬೈಯುವುದು ಬೇಡ, ದೂರ ತಳ್ಳುವುದೂ ಬೇಡ. 'ಬಾ, ಅಮ್ಮನ ಹತ್ತಿರ ಹೋಗೋಣ' ಎಂದು ಕೈಹಿಡಿದು ಕರೆತಂದು ಒಪ್ಪಿಸಿದರೆ ಸಾಕು. ತಿಂಡಿಯನ್ನೂ ಅಮ್ಮನ ಕೈಯಿಂದಲೇ ಕೊಡಿಸಲಿ.

ಎಷ್ಟು ದಿನ ಎಂದು ಕ್ಯಾಲೆಂಡರ್ ನೋಡಬೇಡಿ, ಮಗುವನ್ನು ನೋಡಿ. ಬಿದ್ದು ಪೆಟ್ಟಾದಾಗ ಹತ್ತಿರ ಇದ್ದವರನ್ನು ಬಿಟ್ಟು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾನೆಯೇ? ಹೊಸ ಜಾಗದಲ್ಲಿ ಆಡುತ್ತಾ ಆಗಾಗ ತಿರುಗಿ ನಿಮ್ಮ ಮುಖ ನೋಡುತ್ತಾನೆಯೇ? ನೀವು ಕೋಣೆಯಿಂದ ಹೊರಟರೆ ಅಳುತ್ತಾನೆಯೇ? ಆ ಅಳು ಕೇಳಿ 'ಇಷ್ಟು ದಿನ ಚೆನ್ನಾಗಿದ್ದ, ಈಗ ಹಟ ಕಲಿತಿದ್ದಾನೆ' ಎಂದು ಕೊರಗುವ ತಂದೆ-ತಾಯಿ ಬಹಳ. ದಯವಿಟ್ಟು ಸಂತೋಷಪಡಿ, ನೀವು ಕಾಯುತ್ತಿದ್ದದ್ದು ಅದನ್ನೇ.

ವಿಶೇಷ ಅಗತ್ಯದ ಮಗುವಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಕೈಕಾಲು ಬಿಗಿಯಿರುವ ಮಗುವನ್ನು ಎತ್ತಿದಾಗ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ, ಕಾಲು ಕತ್ತರಿಯಂತೆ ಹೆಣೆದುಕೊಳ್ಳುತ್ತದೆ. 'ನನ್ನನ್ನು ಕಂಡರೆ ಆಗುವುದಿಲ್ಲ' ಎಂದು ತಾಯಿ ನೊಂದುಕೊಳ್ಳುತ್ತಾಳೆ. ತಿರಸ್ಕಾರವಲ್ಲ ಅದು, ಸ್ನಾಯುವಿನ ಬಿಗಿತ. ಎತ್ತುವ ಮೊದಲು ಮಗುವನ್ನು ನಿಧಾನವಾಗಿ ಒಂದು ಮಗ್ಗುಲಿಗೆ ಹೊರಳಿಸಿ, ಸೊಂಟ ಮತ್ತು ಮಂಡಿ ಮಡಿಸಿ, ತಲೆ ಹಿಂದಕ್ಕೆ ಬೀಳದಂತೆ ಆನಿಸಿ ಎತ್ತಿ. ಬಿಗಿತ ಎಷ್ಟೋ ಸಡಿಲವಾಗುತ್ತದೆ. ನಿಮ್ಮ ಮಗುವಿಗೆ ಯಾವ ಭಂಗಿ ಒಗ್ಗುತ್ತದೆ ಎಂದು ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ, ಅವರ ಎದುರಿಗೇ ಮಾಡಿ ನೋಡಿ. ಕಣ್ಣು ಕಾಣದ ಮಗುವನ್ನು ಹೆಸರು ಹಿಡಿದು ಕರೆದು, ಮುಟ್ಟಿ, ಆಮೇಲೆ ಎತ್ತಬೇಕು. ಕಿವಿ ಕೇಳದ ಮಗುವಾದರೆ ಹಿಂದಿನಿಂದ ಎತ್ತಲೇಬಾರದು.

ಆಸ್ಪತ್ರೆಯ ವಿಷಯ. ಬಂದ ಎರಡು ವಾರದೊಳಗೆ ಪೂರ್ಣ ತಪಾಸಣೆ ಆಗಬೇಕು. ದತ್ತು ಕಡತದಲ್ಲಿ ಎಲ್ಲ ಪರೀಕ್ಷೆ ಮುಗಿದಿದೆ ಎಂದಿದ್ದರೂ ರಕ್ತಪರೀಕ್ಷೆ, ಟಿಬಿ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಬೇರೆ ಬೇರೆ ದಿನದ ಮೂರು ಮಲದ ಸ್ಯಾಂಪಲ್, ಕಣ್ಣು, ಕಿವಿ ಇವನ್ನು ಹೊಸದಾಗಿ ಮಾಡಿಸಿ. ಟಿಬಿ ಪರೀಕ್ಷೆ ನೆಗೆಟಿವ್ ಬಂದರೂ ಮೂರರಿಂದ ಆರು ತಿಂಗಳ ನಂತರ ಮತ್ತೊಮ್ಮೆ ಬೇಕು. ಸೋಂಕು ಹೊಸದಾಗಿದ್ದರೆ ಅಥವಾ ಮಗು ಬಡಕಲಾಗಿದ್ದರೆ ಮೊದಲ ಪರೀಕ್ಷೆಯಲ್ಲಿ ಕಾಣಿಸದೆ ಹೋಗಬಹುದು. ಸೂಜಿ ಚುಚ್ಚುವಾಗ ಮಗು ನಿಮ್ಮ ತೊಡೆಯ ಮೇಲೇ ಇರಲಿ, ನರ್ಸ್ ಕೈಗೆ ಕೊಟ್ಟು ಹೊರಗೆ ನಿಲ್ಲಬೇಡಿ. ಅವಸರವಿಲ್ಲದ ಶಸ್ತ್ರಚಿಕಿತ್ಸೆಯನ್ನು ಕೆಲವು ವಾರ ಮುಂದೂಡಬಹುದೇ ಎಂದು ವೈದ್ಯರನ್ನು ಕೇಳಿ. ಹೃದಯದಂಥ ತುರ್ತಿನ ವಿಷಯದಲ್ಲಿ ಆ ಮಾತೇ ಬೇಡ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಸಂಗತಿ ಇನ್ನೊಂದಿದೆ: ಮಾತು. 'ಹೊಸ ಭಾಷೆ ಕಲಿಯುತ್ತಿದ್ದಾನೆ, ಒಂದು ವರ್ಷ ಕಾಯೋಣ' ಎಂದು ಓದಿದವರೂ ಹೇಳುತ್ತಾರೆ. ಎರಡು ಭಾಷೆಯ ಮನೆಯಲ್ಲಿ ಬೆಳೆಯುವ ಮಗುವಿಗೆ ಮೊದಲ ಭಾಷೆ ಉಳಿದಿರುತ್ತದೆ, ಎರಡನೆಯದು ಅದರ ಜೊತೆಗೆ ಸೇರುತ್ತದೆ. ಈ ಮಗುವಿಗೆ ಹಾಗಲ್ಲ. ಸುತ್ತ ಯಾರೂ ಆಡದ ಹಳೆಯ ಭಾಷೆ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ, ಹೊಸದು ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಮೊದಲ ವಾರಗಳಲ್ಲೇ, ಆ ಭಾಷೆ ಬಲ್ಲವರೊಬ್ಬರನ್ನು ಕೂರಿಸಿಕೊಂಡು, ಹುಟ್ಟುಭಾಷೆಯಲ್ಲೇ ಅವನ ಮಾತನ್ನು ಪರೀಕ್ಷಿಸಬೇಕು. ಅದರಲ್ಲೇ ಹಿಂದಿದ್ದರೆ ತೊಂದರೆ ಹೊಸ ಭಾಷೆಯದಲ್ಲ, ಕಾಯುವುದರಿಂದ ನಷ್ಟವೇ ಹೆಚ್ಚು. ಸೀಳು ಅಂಗುಳ ಇದ್ದರೆ ಕಿವಿಯ ತಮಟೆಯ ಹಿಂದೆ ದ್ರವ ನಿಂತು ಕೇಳಿಸುವುದು ಮಂದವಾಗುವುದು ತೀರಾ ಸಾಮಾನ್ಯ. ಮಾತಿಗಿಂತ ಮೊದಲು ಅದನ್ನು ನೋಡಿಸಿ. ಶಿಶುಕೇಂದ್ರದಿಂದ ಹೊರಡುವ ಮುನ್ನವೇ ಆಯಾಗಳ ಜೊತೆ ಅವನು ಮಾತಾಡುವುದನ್ನು ಹತ್ತು ನಿಮಿಷ ವಿಡಿಯೊ ಮಾಡಿಕೊಂಡು ಬಂದಿದ್ದರೆ ಸ್ಪೀಚ್ ಥೆರಪಿಸ್ಟ್‌ಗೆ ಅದನ್ನು ತೋರಿಸಿ. ಇನ್ನೂ ಹೊರಟಿಲ್ಲದವರು ಇದನ್ನು ಈಗಲೇ ಪಟ್ಟಿಗೆ ಸೇರಿಸಿಕೊಳ್ಳಿ.